ಕೈ ತೊಳೆಯೋ ಕಾಯಿಲೆಗೆ ಮೂವತ್ತು ವರ್ಷದ ಸಂಶೋಧನೆ ಯಾಕೆ?

ಓದುಗರ ಪ್ರಶ್ನೆ: ಒಸಿಡಿ ಅಂದ್ರೆ ಪದೇ ಪದೇ ಕೈ ತೊಳೆಯೋದು, ಬೀಗ ಎಳೆದೆಳೆದು ನೋಡೋದು, ಅಷ್ಟೇ ಅಲ್ವಾ? ಕೆಲವು ಮನೋವೈದ್ಯರು ಮೂವತ್ತು ವರ್ಷ ಇದೊಂದರ ಮೇಲೇ ಕೆಲಸ ಮಾಡ್ತಾರಂತೆ. ಅಂಥದ್ದು ಅದರಲ್ಲಿ ಏನಿದೆ?

ಉತ್ತರ: ಕೈ ತೊಳೆಯೋದು ಕಣ್ಣಿಗೆ ಕಾಣುತ್ತದೆ. ಅದಕ್ಕೇ ಒಸಿಡಿ ಅಂದರೆ ಅದೊಂದೇ ಅನ್ನಿಸಿಬಿಡುತ್ತದೆ. ನಿಜವಾಗಿ ಅದು ಗೀಳಿನ ಕಾಯಿಲೆ: ಬೇಡದ ಯೋಚನೆ ಬಿಡದೆ ಕಾಡುತ್ತದೆ, ಅದನ್ನು ತಣಿಸಲು ಏನಾದರೊಂದು ಆಚರಣೆಯನ್ನು ಪದೇ ಪದೇ ಮಾಡಬೇಕೆನಿಸುತ್ತದೆ. ಈ ಡಾಕ್ಟರುಗಳ ಕೆಲಸ ಇರುವುದು ಜಾಸ್ತಿ ಕಾಣದ ಕಡೆ.

ಮೂರು ತಿಂಗಳ ಮಗುವಿನ ತಾಯಿಯೊಬ್ಬಳನ್ನು ಊಹಿಸಿಕೊಳ್ಳಿ. ತರಕಾರಿ ಹೆಚ್ಚುವಾಗ "ಈ ಚಾಕುವಿನಿಂದ ಮಗುವಿಗೆ ಏನಾದ್ರೂ ಮಾಡಿಬಿಟ್ಟರೆ?" ಎಂಬ ಯೋಚನೆ ಮಿಂಚಿನಂತೆ ಬಂದು ಹೋಗುತ್ತದೆ. ಇಂಥ ಹಾಳು ಯೋಚನೆ ಬಹಳ ಜನರಿಗೆ ಬರುತ್ತದೆ. ಥೂ ಅಂದುಕೊಂಡು ಮರೆತುಬಿಡುತ್ತಾರೆ. ಈಕೆಗೆ ಮರೆಯೋಕಾಗುವುದಿಲ್ಲ. ಚಾಕುಗಳನ್ನೆಲ್ಲ ಬೀರುವಿನೊಳಗಿಟ್ಟು ಬೀಗ ಹಾಕುತ್ತಾಳೆ. ಮಗುವಿನ ಜೊತೆ ಒಬ್ಬಳೇ ಇರಲು ಒಪ್ಪುವುದಿಲ್ಲ. ರಾತ್ರಿಯಿಡೀ "ನಾನು ಅಂಥವಳಲ್ಲ, ಅಂಥವಳಲ್ಲ" ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾಳೆ. ಕೈ ಒದ್ದೆಯಾಗದಿದ್ದರೂ ಇದು ಒಸಿಡಿಯೇ. ಡಾಕ್ಟರ ಮುಂದೆ ಕೂತಾಗ ಆಕೆ ಹೇಳುವುದು ಒಂದೇ ಮಾತು: "ನಿದ್ದೆ ಬರ್ತಿಲ್ಲ."

ಅನುಭವ ಇದ್ದವರು ಅಲ್ಲಿಗೆ ಬಿಡುವುದಿಲ್ಲ. "ಬೇಡ ಬೇಡ ಅಂದ್ರೂ ಮಗು ಬಗ್ಗೆ ಕೆಟ್ಟ ಯೋಚನೆ ಬರುತ್ತಾ?" ಎಂದು ಮುಖ ಗಂಟಿಕ್ಕದೆ ತಾವೇ ಕೇಳುತ್ತಾರೆ. ಬಂದ ಯೋಚನೆಗೆ ತಾವೇ ಹೆದರಿ ನಡುಗುವವರು ಬೇರೆ, ಅದನ್ನು ಯಾರೋ ಕೊಟ್ಟ ಆಜ್ಞೆ ಎಂದು ನಂಬಿಕೂತವರು ಬೇರೆ. ಎರಡನೆಯದು ತುರ್ತು, ಒಂದು ಗಳಿಗೆಯೂ ತಡಮಾಡುವಂತಿಲ್ಲ. ಮೊದಲನೆಯದಕ್ಕೆ ಬೇಕಾದ್ದು ಒಸಿಡಿ ಚಿಕಿತ್ಸೆ. ಈ ವ್ಯತ್ಯಾಸ ಹಿಡಿಯಲು ಕಣ್ಣು ಪಳಗಿರಬೇಕು.

ಜನ ಹೀಗೆ ಮುಚ್ಚಿಟ್ಟುಕೊಳ್ಳುತ್ತಿದ್ದರು, ಹಾಗಾಗಿ ಇದು ತೀರಾ ಅಪರೂಪದ ಕಾಯಿಲೆ ಎಂದೇ ವೈದ್ಯರು ತಿಳಿದಿದ್ದರು. 1980ರ ದಶಕದಲ್ಲಿ ಅಮೆರಿಕದಲ್ಲಿ ಆಸ್ಪತ್ರೆಯ ಹೊರಗಿನ ಜನರನ್ನೇ ಕೇಳಿ ದೊಡ್ಡ ಸಮೀಕ್ಷೆ ಮಾಡಿದಾಗ, ಜೀವನದಲ್ಲಿ ಯಾವಾಗಲಾದರೂ ಇದು ಕಾಡಿದವರು ನೂರಕ್ಕೆ 2–3 ಜನ ಸಿಕ್ಕರು.

ಇನ್ನು ಚಿಕಿತ್ಸೆ. 1966ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್, ಇಬ್ಬರೇ ಇಬ್ಬರು ರೋಗಿಗಳ ವರದಿ ಪ್ರಕಟಿಸಿದರು. ಹೆದರಿಕೆ ತರುವುದಕ್ಕೆ ಎದುರಾಗುವಂತೆ ಮಾಡಿ, ಆಮೇಲಿನ ಆಚರಣೆಗೆ ಅವಕಾಶ ಕೊಡದೆ ತಡೆದಿದ್ದರು. ಇಂದು ಇಆರ್‌ಪಿ ಎಂದು ಕರೆಯುವ ಚಿಕಿತ್ಸೆಯ ಬೇರು ಅದು.

ಅದು ನಡೆಯೋದು ಹೀಗೆ. ಕೊಳೆಗೆ ಹೆದರುವ ರೋಗಿಯಾದರೆ, ಡಾಕ್ಟರು ಮೊದಲು ತಾವೇ ಬಾಗಿಲ ಹಿಡಿ ಮುಟ್ಟುತ್ತಾರೆ. "ಈಗ ನೀವು." ರೋಗಿ ಒಂದು ಬೆರಳ ತುದಿ ತಾಗಿಸುತ್ತಾರೆ. "ಭಯ ನೂರಕ್ಕೆ ಎಷ್ಟು?" "ಎಂಬತ್ತು." ಸ್ವಲ್ಪ ಹೊತ್ತಿಗೆ ಪೂರ್ತಿ ಅಂಗೈ. ಆಮೇಲೆ ಅದೇ ಕೈಯನ್ನು ಅಂಗಿಗೆ, ಕೆನ್ನೆಗೆ ಸವರಿಕೊಳ್ಳಬೇಕು. ತೊಳೆಯುವಂತಿಲ್ಲ. "ಏನೂ ಆಗಲ್ಲ ಅಲ್ವಾ ಡಾಕ್ಟ್ರೇ?" ಎಂದು ಕೇಳಿ ಸಮಾಧಾನ ಪಡೆಯುವಂತೆಯೂ ಇಲ್ಲ, ಏಕೆಂದರೆ ಆ ಸಮಾಧಾನವೂ ಒಂಥರಾ ಕೈ ತೊಳೆದ ಹಾಗೇ. ಸುಮ್ನೆ ಕೂತಿರಬೇಕು. ಎಂಬತ್ತು, ಎಂಬತ್ತು, ಎಪ್ಪತ್ತೈದು. ಕೆಲವು ದಿನ ಅಂಕಿ ಇಳಿಯುವುದೇ ಇಲ್ಲ. ಹಿಂದೆ ಅದನ್ನು ಸೋಲು ಅಂದುಕೊಳ್ಳುತ್ತಿದ್ದರು. ಭಯ ಇಳಿಯದಿದ್ದರೂ ಪರವಾಗಿಲ್ಲ, ಭಯವನ್ನು ಪಕ್ಕದಲ್ಲಿಟ್ಟುಕೊಂಡೇ ಕೂರಬಲ್ಲೆ ಎಂದು ಗೊತ್ತಾದರೆ ಅದೂ ಕಲಿಕೆಯೇ ಎಂಬ ವಾದ ಈಚಿನದು.

ಮಾತ್ರೆಗಳ ಕಥೆ ಚಿಕ್ಕದು. ಖಿನ್ನತೆಗೆ ಕೊಡುತ್ತಿದ್ದ ಕ್ಲೋಮಿಪ್ರಮೈನ್‌ಗೆ ಅಮೆರಿಕದಲ್ಲಿ ಒಸಿಡಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ. ಅದೇ ವರ್ಷ ಅಮೆರಿಕದ ಮನೋವೈದ್ಯ ವೇಯ್ನ್ ಗುಡ್‌ಮನ್ ಮತ್ತು ಜೊತೆಯವರು ಕಾಯಿಲೆ ಎಷ್ಟು ತೀವ್ರ ಎಂದು ಅಳೆಯಲು 10 ಪ್ರಶ್ನೆಗಳ, 40 ಅಂಕದ ಅಳತೆಗೋಲು ಪ್ರಕಟಿಸಿದರು. ಈಗ ಮೊದಲು ಕೊಡುವುದು ಖಿನ್ನತೆಗೂ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ. ಖಿನ್ನತೆಗಿಂತ ಇಲ್ಲಿ ಸಾಮಾನ್ಯವಾಗಿ ಡೋಸ್ ಜಾಸ್ತಿ ಬೇಕು, ಕೆಲಸ ಮಾಡುತ್ತಾ ಇಲ್ಲವಾ ಎಂದು ತಿಳಿಯಲು 8ರಿಂದ 12 ವಾರ ಬೇಕು. ಮೂರನೇ ವಾರಕ್ಕೇ "ಇದು ಉಪಯೋಗವಿಲ್ಲ" ಎಂದು ಬಿಟ್ಟರೆ ಅದು ಮಾತ್ರೆಯ ತಪ್ಪಲ್ಲ.

ನನಗೆ ತುಂಬಾ ಇಷ್ಟದ್ದು 1992ರ ಒಂದು ಪುಟ್ಟ ಅಧ್ಯಯನ. ಅಮೆರಿಕದ ಮನೋವೈದ್ಯ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಚಿಕಿತ್ಸೆಗೆ ಮೊದಲು, ಆಮೇಲೆ ರೋಗಿಗಳ ಮೆದುಳನ್ನು ಸ್ಕ್ಯಾನ್ ಮಾಡಿದರು. ಕೆಲವರಿಗೆ ಮಾತ್ರೆ, ಕೆಲವರಿಗೆ ಬರೀ ವರ್ತನಾ ಚಿಕಿತ್ಸೆ. ಎರಡು ಗುಂಪಿನಲ್ಲೂ ಗುಣ ಕಂಡವರ ಮೆದುಳಿನ ಕಾಡೇಟ್ ಎಂಬ ಭಾಗದ ಅತಿ ಚಟುವಟಿಕೆ ತಗ್ಗಿತ್ತು. ಬಾಗಿಲ ಹಿಡಿ ಮುಟ್ಟಿ ಕೂತಿದ್ದರ ಗುರುತು ಸ್ಕ್ಯಾನಿನಲ್ಲಿ ಕಂಡಿತು!

ಇಷ್ಟು ಗೊತ್ತಾಯಿತು ಅನ್ನುವಷ್ಟರಲ್ಲಿ "ಸಂಬಂಧಪಟ್ಟ ಕಾಯಿಲೆಗಳು" ಬಂದು ನಿಲ್ಲುತ್ತವೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಒಸಿಡಿಯನ್ನು ಆತಂಕದ ಕಾಯಿಲೆಗಳಿಂದ ತೆಗೆದು ಬೇರೆ ಅಧ್ಯಾಯಕ್ಕೆ ಹಾಕಿತು. ಕೂದಲು ಕೀಳುವುದು, ಚರ್ಮ ಕೆರೆದು ಗಾಯ ಮಾಡಿಕೊಳ್ಳುವುದು, ನನ್ನ ಮೂಗು ವಿಕಾರವಾಗಿದೆ ಎಂದು ದಿನಕ್ಕೆ ಗಂಟೆಗಟ್ಟಲೆ ಕೊರಗುವುದು, ಹಳೇ ಪೇಪರ್ ಕೂಡ ಬಿಸಾಡಲಾಗದೆ ಮನೆ ತುಂಬಿಕೊಳ್ಳುವುದು ಎಲ್ಲಾ ಅಲ್ಲಿಗೇ ಸೇರಿದವು. ಒಂದೇ ಮನೆಯವರಾದರೂ ಸ್ವಭಾವ ಬೇರೆ ಬೇರೆ. ಕೂದಲು ಕೀಳುವವರಿಗೆ ಎಷ್ಟೋ ಸಲ ಭಯವೇ ಇರುವುದಿಲ್ಲ. ಕೀಳುವಾಗ ಹಾಯೆನಿಸುತ್ತದೆ, ಟಿವಿ ನೋಡುತ್ತಾ ಕೈ ತಾನಾಗಿ ತಲೆಗೆ ಹೋಗಿರುತ್ತದೆ. ಅವರಿಗೆ ಭಯ ಎದುರಿಸುವ ಪಾಠದಿಂದ ಏನು ಪ್ರಯೋಜನ? ಕೈ ಏಳುವ ಗಳಿಗೆಯನ್ನು ಗುರುತಿಸಿ, ಮುಷ್ಟಿ ಬಿಗಿಹಿಡಿಯುವಂಥ ಬೇರೆ ಕೆಲಸ ಕೊಡುವ ಅಭ್ಯಾಸ-ಬದಲಾವಣೆ ತರಬೇತಿ ಬೇಕು. ಮೂಗಿನ ಚಿಂತೆಯವರು ಎಷ್ಟೋ ಸಲ ಮನೋವೈದ್ಯರ ಬಳಿ ಬರುವುದಕ್ಕೆ ಮೊದಲೇ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿರುತ್ತಾರೆ. ಆಪರೇಷನ್ ಆದರೂ ಕೊರಗು ಸಾಮಾನ್ಯವಾಗಿ ಹೋಗುವುದಿಲ್ಲ.

ಹಾಗಂತ ಎಲ್ಲರೂ ದೊಡ್ಡ ತಜ್ಞರನ್ನೇ ಹುಡುಕಬೇಕಿಲ್ಲ. ಮಾಮೂಲಿ ಮನೋವೈದ್ಯರಿಂದಲೇ ಬಹಳ ಜನ ಸುಧಾರಿಸುತ್ತಾರೆ. ಹೋದಾಗ "ಇಆರ್‌ಪಿ ಮಾಡಿಸ್ತೀರಾ, ಇಲ್ಲಾಂದ್ರೆ ಯಾರ ಹತ್ತಿರ ಕಳಿಸ್ತೀರಾ?" ಎಂದು ಕೇಳಿ. "ಯೋಚನೆ ಬಿಟ್ಬಿಡಿ, ಆರಾಮಾಗಿರಿ" ಅಷ್ಟೇ ಉತ್ತರ ಬಂದರೆ, ಇನ್ನೊಬ್ಬರನ್ನು ನೋಡಿ.