ಕರಿಕಲ್ಲಿನ ಅಂಚು

ಕೊಳವೆಬಾವಿ ಕೊರೆಯುವಾಗ ಎಲ್ಲರ ಕಣ್ಣು ಪೈಪಿನ ಬಾಯಿಯ ಮೇಲಿದ್ದರೆ, ನನ್ನ ಕಣ್ಣು ಪಕ್ಕದಲ್ಲಿ ಗುಡ್ಡೆ ಬೀಳುವ ಕಲ್ಲುಪುಡಿಯ ಮೇಲಿರುತ್ತದೆ. ಒಂದು ಹಿಡಿ ತೊಳೆದು, ಅಂಗೈಯಲ್ಲಿ ಹರಡಿ, ಲೆನ್ಸ್ ಹಿಡಿಯುವುದು ರೂಢಿ. ಕಳೆದ ಬೇಸಿಗೆಯಲ್ಲಿ ಚಿಕ್ಕಬಳ್ಳಾಪುರದ ಬಳಿ ಒಂದು ದ್ರಾಕ್ಷಿ ತೋಟದಲ್ಲಿ ಆರುನೂರು ಅಡಿಯವರೆಗೆ ಬಿಳಿಚಾಗಿ ಬರುತ್ತಿದ್ದ ಗ್ರಾನೈಟ್ ಪುಡಿ ಇದ್ದಕ್ಕಿದ್ದಂತೆ ಕಪ್ಪಾಯಿತು. ತೋಟದ ಯಜಮಾನರ ಮುಖವೂ ಕಪ್ಪಾಯಿತು.

ಆ ಕರಿಕಲ್ಲಿಗೆ ನಾವು ಭೂವಿಜ್ಞಾನಿಗಳು ಡೈಕ್ ಎನ್ನುತ್ತೇವೆ. ಆಳದ ಶಿಲಾರಸ ಬಿರುಕಿನೊಳಗೆ ನುಗ್ಗಿ ಅಲ್ಲೇ ಗಟ್ಟಿಯಾದ ಗೋಡೆ ಅದು. ಬಂಡೆಯಿಲ್ಲದೆ ಬಿರುಕೆಲ್ಲಿ, ಬಿರುಕಿಲ್ಲದೆ ಅದಕ್ಕೆ ತುಂಬಿದ ಗಾರೆಯೆಲ್ಲಿ? ಆದ್ದರಿಂದ ಗ್ರಾನೈಟ್ ಹಿರಿಯದು, ಡೈಕ್ ಕಿರಿಯದು. ಹತ್ತಿರದ ಕಲ್ಲುಕ್ವಾರಿಯಲ್ಲಿ ಡೈಕಿನ ಅಂಚನ್ನು ನೋಡಿದರೆ ಇನ್ನೊಂದು ಸಂಗತಿ ಸಿಗುತ್ತದೆ. ನಡುವೆ ಕಣಗಳು ಬರಿಗಣ್ಣಿಗೆ ಕಾಣುತ್ತವೆ. ಗ್ರಾನೈಟಿಗೆ ತಾಗಿದ ಅಂಚಿನಲ್ಲಿ ಕಲ್ಲು ಕಾಡಿಗೆಯಷ್ಟು ನುಣುಪು. ಅಂಚು ಥಟ್ಟನೆ ತಣಿದಿದೆ, ಹರಳು ಬೆಳೆಯಲು ಪುರುಸೊತ್ತೇ ಸಿಕ್ಕಿಲ್ಲ. ಅಂದರೆ ಶಿಲಾರಸ ಬರುವ ಹೊತ್ತಿಗೆ ಗ್ರಾನೈಟ್ ಆರಿ ತಣ್ಣಗಾಗಿತ್ತು.

ಜನ ಕೇಳುವುದು ‘ಎಷ್ಟು ವರ್ಷ ಹಳೆಯದು’ ಎಂದು. ನಾವು ಮೊದಲು ಕೇಳಿಕೊಳ್ಳುವುದು ‘ಯಾರು ಮೊದಲು’ ಎಂದು. ವರ್ಷದ ಲೆಕ್ಕ ಆಮೇಲಿನ ಮಾತು, ಅದು ಪ್ರಯೋಗಾಲಯದ ಕೆಲಸ. ಗ್ರಾನೈಟಿನಲ್ಲಿರುವ ಜಿರ್ಕಾನ್ ಹರಳು ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಬಾಗಿಲಲ್ಲೇ ತಡೆಯುತ್ತದೆ. ಈಗ ಒಳಗೆ ಸಿಗುವ ಸೀಸ ಯುರೇನಿಯಂ ಸವೆದು ಆದದ್ದು. ಯುರೇನಿಯಂ-238 ಅರ್ಧಕ್ಕಿಳಿಯಲು 447 ಕೋಟಿ ವರ್ಷ ಬೇಕು. ಎರಡರ ಪ್ರಮಾಣ ಅಳೆದರೆ ವಯಸ್ಸು ಸಿಕ್ಕಿತು. ಈ ಸೀಮೆಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಬೆಂಗಳೂರಿನ ಸುತ್ತ ಪೂರ್ವ-ಪಶ್ಚಿಮವಾಗಿ ಹಾದುಹೋಗುವ ಡೈಕುಗಳಿಗೆ ಸುಮಾರು 237 ಕೋಟಿ. ಕಣ್ಣು ಕೊಟ್ಟ ತೀರ್ಪನ್ನು ಯಂತ್ರ ಎತ್ತಿಹಿಡಿಯಿತು.

ಇವೆರಡಕ್ಕಿಂತ ಹಳೆಯದು ಕೋಲಾರದ ಚಿನ್ನವಿರುವ ಕಲ್ಲಿನ ಪಟ್ಟಿ, ಸುಮಾರು 270 ಕೋಟಿ ವರ್ಷದ್ದು. ಮೂರು ಕಿಲೋಮೀಟರಿಗೂ ಆಳಕ್ಕೆ ಗಣಿ ಇಳಿದದ್ದು ಅಲ್ಲಿಯೇ. ಆ ಪಟ್ಟಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಲಾವಾ ಇದೆ. ಲಾವಾ ನೀರಿನೊಳಗೆ ಉಕ್ಕಿದರೆ ಮಾತ್ರ ಹಾಗೆ ಉಂಡೆಗಟ್ಟುತ್ತದೆ. ಮೆತ್ತಗಿರುವಾಗಲೇ ಒಂದರ ಮೇಲೊಂದು ಕೂತದ್ದರಿಂದ ದಿಂಬಿನ ಬೆನ್ನು ಉಬ್ಬಿರುತ್ತದೆ, ಹೊಟ್ಟೆ ಕೆಳಗಿನ ಸಂದಿಗೆ ಜೋತುಬಿದ್ದಿರುತ್ತದೆ. ಪದರವೇ ಮಗುಚಿದ್ದರೂ ಮೇಲ್ಮುಖ ಯಾವುದೆಂದು ಹೇಳಬಹುದು. ಸಾವಿರ ಅಡಿ ಕೊರೆದರೂ ದೂಳೇ ಬರುವ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ನೀರಿನಡಿ ಜ್ವಾಲಾಮುಖಿ ಇತ್ತೆಂದರೆ ರೈತರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ.

ದ್ರಾಕ್ಷಿ ತೋಟದ ವಿಷಯಕ್ಕೆ ಬರುತ್ತೇನೆ. ಬಿರುಕಿಲ್ಲದ ಡೈಕ್ ನೆಲದೊಳಗಿನ ಅಣೆಕಟ್ಟಿನಂತೆ. ನೀರು ಅದರ ಮೇಲ್ಬದಿಯಲ್ಲಿ ತಂಗುವುದುಂಟು. ಇಳಿಜಾರು ನೋಡಿ, ಕರಿಕಲ್ಲು ಹೋದ ದಿಕ್ಕು ಹಿಡಿದು, ಮೇಲ್ಬದಿಯಲ್ಲಿ ಇನ್ನೊಂದು ಜಾಗ ಗುರುತಿಸಿದೆ. ಎರಡು ಇಂಚು ನೀರು ಬಂತು. ತೆಂಗಿನಕಾಯಿ ಹಿಡಿದು ನೀರು ನೋಡುವವರು ವಾರದ ಹಿಂದೆಯೇ ಅದೇ ಜಾಗ ತೋರಿಸಿದ್ದರೆಂದು ಆಮೇಲೆ ತಿಳಿಯಿತು.