26ನೇ ದಿನದ ಅನುಮಾನ

ಹೋದ ವರ್ಷ ಮಾರ್ಚಿನಲ್ಲಿ ಗೆಳತಿಯೊಬ್ಬಳ ಮೆಸೇಜು ಬಂತು. ‘ಎದೆ ನೋಯ್ತಿದೆ ಕಣೇ. ಕೂತಲ್ಲೇ ನಿದ್ದೆ. ಮಾವಿನಕಾಯಿ ಬೇರೆ ತಿನ್ಬೇಕು ಅನ್ನಿಸ್ತಿದೆ. ಆಗಿರಬಹುದಾ?’ ಹಿಂದಿನ ಮುಟ್ಟು ಶುರುವಾದ ದಿನದಿಂದ ಎಣಿಸಿದರೆ ಅವಳಿಗೆ ಅದು 26ನೇ ದಿನ. ಮದುವೆಯಾಗಿ ಮೂರು ವರ್ಷ, ಮಗು ಬೇಕೆಂದು ಕಾಯುತ್ತಿದ್ದಳು. ಕಾಯುವವರಿಗೆ ಮೈಯ ಪ್ರತಿ ನೋವೂ ಸುದ್ದಿಯೇ.

‘ಮುಟ್ಟಿನ ಮುಂಚೆಯೂ ನಿನಗೆ ಹೀಗೇ ಆಗತ್ತಲ್ವಾ?’ ಎಂದು ಕೇಳಿದೆ. ‘ಆಗತ್ತೆ, ಆದ್ರೆ ಈ ಸಲ ಬೇರೆ ಥರ’ ಎಂದಳು. ಈ ‘ಬೇರೆ ಥರ’ ಎಷ್ಟು ನಿಜ?

ಅಂಡಾಶಯದಿಂದ ಮೊಟ್ಟೆ ಹೊರಬಿದ್ದ ಮೇಲೆ ಅದಿದ್ದ ಚೀಲ ಸುಮ್ನೆ ಕೂರುವುದಿಲ್ಲ. ಹಳದಿ ಬಣ್ಣದ ಒಂದು ಸಣ್ಣ ಗಂಟಾಗಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಸುರಿಸತೊಡಗುತ್ತದೆ. ಎದೆ ಬಿಗಿಯಾಗಿ ನೋಯುವುದು, ತೂಕಡಿಕೆ ಬರುವುದು ಇವುಗಳ ಹಿಂದೆ ಬಹುಮಟ್ಟಿಗೆ ಇದರದೇ ಕೈವಾಡ. ಕರುಳನ್ನೂ ಇದು ಸಡಿಲಿಸುತ್ತದೆ. ಅದಕ್ಕೇ ಹೊಟ್ಟೆ ಉಬ್ಬರ, ಮಲಬದ್ಧತೆ. ಗರ್ಭ ನಿಂತರೂ ಇದೇ ಗಂಟು, ಇದೇ ಹಾರ್ಮೋನು. ನಿಲ್ಲದಿದ್ದರೆ ಸುಮಾರು ಎರಡು ವಾರಕ್ಕೆ ಗಂಟು ಬಾಡುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಮುಟ್ಟಾಗುತ್ತದೆ. ನಿಂತರೆ ಭ್ರೂಣದ ಕಡೆಯಿಂದ ಎಚ್‌ಸಿಜಿ ಎಂಬ ಇನ್ನೊಂದು ಹಾರ್ಮೋನು ಬಂದು ಆ ಗಂಟನ್ನು ಬಾಡದಂತೆ ಕಾಪಾಡುತ್ತದೆ. ಅಂದರೆ ಈ ಎರಡು ವಾರ ಮೈ ಎರಡೂ ಸಂದರ್ಭದಲ್ಲಿ ಹೆಚ್ಚುಕಮ್ಮಿ ಒಂದೇ ಮಾತು ಆಡುತ್ತಿರುತ್ತದೆ.

ಲೆಕ್ಕವನ್ನೂ ನೋಡಿ. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಮಹಿಳೆಯರ ಪ್ರತಿದಿನದ ಮೂತ್ರ ಪರೀಕ್ಷಿಸಿ, ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವುದು ಯಾವಾಗ ಎಂದು ಹುಡುಕಿತು. ಆರು ವಾರ ದಾಟಿ ಉಳಿದ ಗರ್ಭಗಳಲ್ಲಿ ನೂರಕ್ಕೆ 84ರಲ್ಲಿ ಅದು ಮೊಟ್ಟೆ ಬಿಡುಗಡೆಯಾದ 8ರಿಂದ 10ನೇ ದಿನದೊಳಗೆ ಆಗಿತ್ತು. 28 ದಿನದ ಚಕ್ರದವರಿಗೆ ಇದು 22ರಿಂದ 24ನೇ ದಿನ. ಆಮೇಲಷ್ಟೇ ಎಚ್‌ಸಿಜಿ ಶುರು. ಹಾಗಾಗಿ 18ನೇ ದಿನವೇ ‘ನನಗೆ ಗೊತ್ತಾಗಿಬಿಟ್ಟಿತು’ ಎನ್ನುವವರಿಗೆ ಗೊತ್ತಾಗಿದ್ದು ಪ್ರೊಜೆಸ್ಟರಾನ್ ಮಾತ್ರ.

ಇನ್ನು ವಾಂತಿ. ಸಿನಿಮಾಗಳಲ್ಲಿ ಮದುವೆಯಾದ ಮಾರನೇ ಸೀನಿಗೇ ನಾಯಕಿ ಬಚ್ಚಲಿಗೆ ಓಡುತ್ತಾಳೆ, ಡಾಕ್ಟರು ನಾಡಿ ಹಿಡಿದು ನಗುತ್ತಾರೆ. ವಾಸ್ತವದಲ್ಲಿ ಹೆಚ್ಚಿನವರಿಗೆ ವಾಕರಿಕೆ ಶುರುವಾಗುವುದು ಮುಟ್ಟು ತಪ್ಪಿದ ಒಂದೆರಡು ವಾರದ ಮೇಲೆ. ಅದಕ್ಕೆ ಮೊದಲು ಹೊಟ್ಟೆ ತೊಳಸಿದರೆ ಹೊರಗೆ ತಿಂದ ಗೋಬಿಯನ್ನೂ ಅನುಮಾನಿಸಬಹುದು.

‘ಸ್ವಲ್ಪ ಕಲೆ ಕಾಣಿಸಿತು, ಭ್ರೂಣ ಅಂಟಿಕೊಂಡಿದ್ದಕ್ಕೇ ಇರಬೇಕು’ ಎಂಬುದು ಈಗ ಜಾಸ್ತಿ ಕೇಳಿಬರುವ ಮಾತು. 2003ರ ಅಧ್ಯಯನವೊಂದರಲ್ಲಿ 151 ಗರ್ಭಿಣಿಯರ ದಿನಚರಿ ನೋಡಿದಾಗ, ಮೊದಲ ಎಂಟು ವಾರದಲ್ಲಿ ಕಲೆ ಅಥವಾ ರಕ್ತ ಕಂಡವರು 14 ಮಂದಿ ಮಾತ್ರ. ಅದೂ ಅಂಟಿಕೊಂಡ ದಿನದ ಜೊತೆ ತಾಳೆಯಾಗಲಿಲ್ಲ. ಮುಟ್ಟಿನ ಮುಂಚೆ ಒಂದೆರಡು ಹನಿ ಕಾಣುವುದು ಬಸಿರಿಲ್ಲದವರಿಗೂ ಉಂಟು.

ಹಾಗಾದರೆ ನಂಬುವುದು ಯಾವುದನ್ನು? ಮೈಯನ್ನಲ್ಲ, ಮೂತ್ರವನ್ನು. ಇದು ಹಳೇ ಉಪಾಯವೇ. ಪ್ರಾಚೀನ ಈಜಿಪ್ಟಿನಲ್ಲಿ ಗೋಧಿ, ಬಾರ್ಲಿ ಕಾಳಿನ ಮೇಲೆ ಹೆಂಗಸಿನ ಮೂತ್ರ ಹಾಕಿ ಮೊಳಕೆ ನೋಡುತ್ತಿದ್ದರು. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಶೈಮ್ ಮತ್ತು ಝೋಂಡೆಕ್ ಮೂತ್ರವನ್ನು ಮರಿ ಇಲಿಗಳಿಗೆ ಚುಚ್ಚಿ, ಆಮೇಲೆ ಕೊಯ್ದು ಅಂಡಾಶಯ ನೋಡುತ್ತಿದ್ದರು. ಬಳಿಕ ದಕ್ಷಿಣ ಆಫ್ರಿಕಾದ ಒಂದು ಜಾತಿಯ ಕಪ್ಪೆಗೆ ಕೆಲಸ ವರ್ಗವಾಯಿತು. ಚುಚ್ಚಿದ ಕೆಲವು ಗಂಟೆಗಳಲ್ಲಿ ಕಪ್ಪೆ ಮೊಟ್ಟೆ ಇಟ್ಟರೆ ಗರ್ಭ ಖಚಿತ. ಪಾಪದ ಇಲಿಗಿಂತ ವಾಸಿ, ಕಪ್ಪೆ ಬದುಕಿಯಾದರೂ ಉಳಿಯುತ್ತಿತ್ತು.

ಇವತ್ತು ಮೆಡಿಕಲ್ ಶಾಪಿನವರು ಪೇಪರಿನಲ್ಲಿ ಸುತ್ತಿ ಕೊಡುವ ಕಿಟ್ಟಿನೊಳಗೂ ಹುಡುಕಾಟ ಅದೇ ಎಚ್‌ಸಿಜಿಗೆ. ಬೆಳಗಿನ ಮೊದಲ ಮೂತ್ರದ ಕೆಲವು ಹನಿ ಪುಟ್ಟ ಗುಳಿಗೆ ಹಾಕುತ್ತೀರಿ. ಬಿಳಿ ಕಿಟಕಿಯಲ್ಲಿ ಒದ್ದೆ ನಿಧಾನಕ್ಕೆ ತೆವಳುತ್ತದೆ. ಅದರ ಜೊತೆ ಹೊರಟಿರುವುದು ಚಿನ್ನದ ಅತಿ ಸೂಕ್ಷ್ಮ ಕಣಗಳು. ಈ ಗಾತ್ರದಲ್ಲಿ ಚಿನ್ನದ ಬಣ್ಣ ಹಳದಿಯಲ್ಲ, ಕೆಂಪು. ಕಣಗಳಿಗೆ ಎಚ್‌ಸಿಜಿಯನ್ನು ಕಚ್ಚಿ ಹಿಡಿಯುವ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಎಚ್‌ಸಿಜಿ ಇದ್ದರೆ ‘ಟಿ’ ಗೆರೆಯ ಹತ್ತಿರ ಅದರ ಜೊತೆ ಕಣಗಳೂ ಸಿಕ್ಕಿಬೀಳುತ್ತವೆ, ಗುಲಾಬಿ ಗೆರೆ ಮೂಡುತ್ತದೆ. ‘ಸಿ’ ಗೆರೆ ಕಿಟ್ ಸರಿಯಿದೆ ಎಂಬುದಕ್ಕೆ ಸಾಕ್ಷಿ, ಅಷ್ಟೇ. ಹೇಳಿದ ಸಮಯದೊಳಗೆ ನೋಡಿಬಿಡಬೇಕು. ಒಣಗಿದ ಮೇಲೆ ಕಾಣುವ ಬೂದು ಗೆರೆಯನ್ನು ಟಾರ್ಚ್ ಹಾಕಿ ನೋಡಿ ಸಂಭ್ರಮಿಸುವುದು ಬೇಡ.

ಮೊದಮೊದಲು ಎಚ್‌ಸಿಜಿ ಹೆಚ್ಚುಕಮ್ಮಿ ಎರಡು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಹಾಗಾಗಿ 26ನೇ ದಿನದ ಒಂದೇ ಗೆರೆಗೆ ಅರ್ಥವಿಲ್ಲ. ಮುಟ್ಟಿನ ದಿನ ದಾಟಿದ ಮೇಲೆ ನೋಡಿ. ಆಗಲೂ ಒಂದೇ ಗೆರೆ, ಮುಟ್ಟೂ ಇಲ್ಲ ಎಂದರೆ ಕೆಲವು ದಿನ ಬಿಟ್ಟು ಮತ್ತೆ ನೋಡಿ. ಒತ್ತಡ, ಥೈರಾಯ್ಡ್, ಪಿಸಿಓಡಿ ಎಂಬ ಹಾರ್ಮೋನು ಏರುಪೇರಿನ ತೊಂದರೆ ಇವೂ ಮುಟ್ಟನ್ನು ಮುಂದೂಡುತ್ತವೆ. ಎರಡು ಗೆರೆ ಬಂದಿದ್ದು, ಹೊಟ್ಟೆಯ ಒಂದು ಪಕ್ಕ ಜೋರು ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು, ರಕ್ತ ಇವುಗಳಲ್ಲಿ ಯಾವುದಿದ್ದರೂ ಕಾಯುವುದು ಬೇಡವೇ ಬೇಡ. ಭ್ರೂಣವು ಗರ್ಭಕೋಶದ ಬದಲು ಅಂಡನಾಳದಲ್ಲಿ ಕೂತಿರಬಹುದು. ರಾತ್ರಿಯಾದರೂ ಸರಿ, ಆಗಿಂದಾಗಲೇ ಆಸ್ಪತ್ರೆಗೆ ಹೋಗಬೇಕು.

ಗೆಳತಿಗೆ ಆ ತಿಂಗಳು ನಾಲ್ಕು ದಿನ ಬಿಟ್ಟು ಮುಟ್ಟಾಯಿತು. ತಂದಿಟ್ಟಿದ್ದ ಮಾವಿನಕಾಯಿಯನ್ನು ಉಪ್ಪುಖಾರ ಹಚ್ಚಿ ಇಬ್ಬರೂ ತಿಂದೆವು. ಜುಲೈನಲ್ಲಿ ಅವಳಿಗೆ ಬಯಕೆಯಿಲ್ಲ, ‘ಬೇರೆ ಥರ’ವೂ ಇಲ್ಲ. ಪ್ರತಿ ತಿಂಗಳ ಹಾಗೇ ಸೊಂಟನೋವು, ಸಿಡಿಮಿಡಿ. ಇವತ್ತೋ ನಾಳೆಯೋ ಎಂದು ಬ್ಯಾಗಿನಲ್ಲಿ ಪ್ಯಾಡ್ ಇಟ್ಟುಕೊಂಡೇ ಒಂದು ವಾರ ಆಫೀಸಿಗೆ ಓಡಾಡಿದಳು. ಎಂಟನೇ ದಿನ ಬೆಳಿಗ್ಗೆ ಎರಡು ಗೆರೆಯ ಫೋಟೋ ಬಂತು.