ಡಲ್ಲಾಸಿನ ಫಿಲ್ಮು ಸ್ಯಾನ್ ಹೋಸೆಯಲ್ಲಿ ನಡೆಯಲ್ಲ

ಹೋದ ಚಳಿಗಾಲದಲ್ಲಿ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿದರು. "ಏನ್ ಸರ್, ಕಾರಿನ ಗಾಜಿಗೆ ಲೀಗಲ್ ಫಿಲ್ಮು ಅಂತ ಹೇಳಿ ಹಾಕಿದ್ರಿ. ಇಲ್ಲಿ ಪೊಲೀಸಿನವನು ನಿಲ್ಲಿಸಿ ದಂಡದ ಟಿಕೆಟ್ ಕೊಟ್ಟ!" ಇಲ್ಲಿ ಅಂದರೆ ಎಲ್ಲಿ ಎಂದು ಕೇಳಿದೆ. ಕೆಲಸ ಬದಲಾಗಿ ಅವರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸೇರಿ ಎರಡು ತಿಂಗಳಾಗಿತ್ತು. ನಾನು ಹಾಕಿದ್ದು ಲೀಗಲ್ಲೇ. ಆದರೆ ಟೆಕ್ಸಾಸಿನಲ್ಲಿ.

ಟೆಕ್ಸಾಸಿನ ಡಲ್ಲಾಸ್ ಸುತ್ತಮುತ್ತ ಕಾರಿನ ಗಾಜಿಗೆ ಫಿಲ್ಮ್, ಅಂದರೆ ಬಿಸಿಲು ತಡೆಯುವ ತೆಳು ಹಾಳೆ, ಹಾಕುವ ಕೆಲಸ ನನ್ನದು. ಗಿರಾಕಿಗಳಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ಬಂದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಪರ್ಸೆಂಟ್ ಹಾಕಿಸಬಹುದು?" ಈ ಪರ್ಸೆಂಟ್ ಲೆಕ್ಕದಲ್ಲೇ ಜಾಸ್ತಿ ಜನ ಎಡವುವುದು. ಅದು ಕಪ್ಪಿನ ಅಳತೆ ಅಲ್ಲ, ಗಾಜಿನೊಳಗೆ ನುಗ್ಗುವ ಬೆಳಕಿನ ಅಳತೆ. 70 ಅಂದರೆ ಫಿಲ್ಮು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. 5 ಅಂದರೆ ಅಮಾವಾಸ್ಯೆ.

ಇನ್ನೊಂದು ವಿಷಯ ಇದೆ. ಅದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಕೆಲಸ ಶುರುಮಾಡಿದ ಹೊಸದರಲ್ಲಿ ಒಬ್ಬರ ಮುಂದಿನ ಬಾಗಿಲಿನ ಗಾಜಿಗೆ 25ರ ಫಿಲ್ಮು ಹಾಕಿದೆ. ಟೆಕ್ಸಾಸಿನಲ್ಲಿ ಅಲ್ಲಿಗೆ 25ರ ಮಿತಿ ತಾನೇ, ಸರಿಹೋಯಿತು ಅಂದುಕೊಂಡೆ. ಇನ್‌ಸ್ಪೆಕ್ಷನ್‌ನಲ್ಲಿ ಬೆಳಕು ಅಳೆಯುವ ಮೀಟರ್ ಇಟ್ಟು ನೋಡಿದರೆ 19! ಕಾನೂನು ಅಳೆಯುವುದು ಬರೀ ಫಿಲ್ಮನ್ನಲ್ಲ, ಗಾಜು ಮತ್ತು ಫಿಲ್ಮು ಎರಡನ್ನೂ ಸೇರಿಸಿ. ಕಂಪನಿಯಿಂದ ಬರುವ ಗಾಜೇ ಒಂದಿಷ್ಟು ಬೆಳಕು ತಡೆಯುತ್ತದೆ. ಆ ಗಾಜು ಬಿಡುತ್ತಿದ್ದದ್ದು 78. ಅದರಲ್ಲಿ ಕಾಲು ಭಾಗ ಅಂದರೆ ಹತ್ತೊಂಬತ್ತೂವರೆ. ಫಿಲ್ಮು ಕಿತ್ತು, ನನ್ನ ಕೈಯಿಂದಲೇ ಖರ್ಚು ಹಾಕಿ 35ರದ್ದು ಹಾಕಿಕೊಟ್ಟೆ. ಅವತ್ತಿನಿಂದ ಮೊದಲು ಮೀಟರ್, ಆಮೇಲೆ ಕತ್ತರಿ.

ಈಗ ಸ್ಯಾನ್ ಹೋಸೆಯವರ ಕಥೆ. ಕ್ಯಾಲಿಫೋರ್ನಿಯಾದಲ್ಲಿ ಡ್ರೈವರ್ ಪಕ್ಕದ ಗಾಜು ಫಿಲ್ಮು ಸೇರಿ 70 ಬಿಡಲೇಬೇಕು. ಹಾಕುವ ಫಿಲ್ಮೇ ಕನಿಷ್ಠ 88 ಇರಬೇಕು. 80ರ ಗಾಜಿಗೆ 88ರ ಫಿಲ್ಮು ಅಂಟಿಸಿದರೆ 70.4 ಉಳಿಯುತ್ತದೆ. ಕೂದಲೆಳೆಯಲ್ಲಿ ಪಾಸು. ಗಾಜು ಒಂಚೂರು ಮಂಕಾಗಿದ್ದರೂ ಫೇಲು. ನನ್ನ ಕೇಳಿದರೆ ಅಷ್ಟು ಬಿಸಿಲಿನ ರಾಜ್ಯಕ್ಕೆ ಇದು ತೀರಾ ಬಿಗಿ. ಹಿಂದಿನ ಗಾಜುಗಳಿಗೆ ಮಾತ್ರ ಎಷ್ಟು ಕಪ್ಪಾದರೂ ನಡೆಯುತ್ತದೆ, ಎರಡೂ ಕಡೆ ಸೈಡ್ ಮಿರರ್ ಇದ್ದರೆ ಸಾಕು.

ಫ್ಲೋರಿಡಾದಲ್ಲಿ ಮುಂದಿನ ಬಾಗಿಲ ಗಾಜಿಗೆ 28, ಸೆಡಾನ್ ಆದರೆ ಹಿಂದೆ 15. ಅರಿಜೋನಾದಲ್ಲಿ ಮುಂದೆ 33. ನ್ಯೂಜೆರ್ಸಿಯಲ್ಲಿ ಡಾಕ್ಟರ ಪತ್ರದ ಮೇಲೆ ಅನುಮತಿ ಪಡೆಯದೆ ಮುಂದಿನ ಬಾಗಿಲಿಗೆ ಫಿಲ್ಮು ಮುಟ್ಟಿಸುವ ಹಾಗೇ ಇಲ್ಲ. ನ್ಯೂಯಾರ್ಕ್ ಮುಂದೆ 70 ಕೇಳುತ್ತದೆ. ಸಾಲದ್ದಕ್ಕೆ 2017ರಿಂದ ವರ್ಷದ ಇನ್‌ಸ್ಪೆಕ್ಷನ್‌ನಲ್ಲೇ ಗಾಜಿಗೆ ಮೀಟರ್ ಇಡುತ್ತಾರೆ. ನಮ್ಮ ಟೆಕ್ಸಾಸ್ ಉಲ್ಟಾ. 2025ರಿಂದ ಸ್ವಂತ ಕಾರುಗಳಿಗೆ ಸುರಕ್ಷತೆಯ ಇನ್‌ಸ್ಪೆಕ್ಷನ್ನನ್ನೇ ತೆಗೆದುಹಾಕಿತು. ಹಾಗಂತ 25ರ ಮಿತಿ ಹೋಗಿಲ್ಲ. ರಸ್ತೆಯಲ್ಲಿ ನಿಲ್ಲಿಸಿದರೆ ಅದೇ ಲೆಕ್ಕ.

ಊರಿಂದ ಬಂದಿದ್ದ ಒಬ್ಬರ ತಂದೆ ಅಂಗಡಿಯಲ್ಲಿ ಕೂತು ಇದನ್ನೆಲ್ಲ ಕೇಳಿ ನಕ್ಕರು. "ಒಂದು ದೇಶಕ್ಕೆ ಎಷ್ಟಪ್ಪಾ ಕಾನೂನು! ನಮ್ಮಲ್ಲಿ ಸುಪ್ರೀಂ ಕೋರ್ಟು ಒಂದೇ ಏಟಿಗೆ ಎಲ್ಲಾರ್ದೂ ಕೀಳಿಸ್ತು." ಹೌದು, ಅಲ್ಲಿ ಇದು ಕೇಂದ್ರದ ನಿಯಮ. 1989ರ ಮೋಟಾರು ವಾಹನ ನಿಯಮದ ಪ್ರಕಾರ ಕಾರಿನ ಎದುರಿನ ಮತ್ತು ಹಿಂಬದಿಯ ಗಾಜಿಗೆ 70, ಪಕ್ಕದ ಗಾಜಿಗೆ 50. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಪರ್ಸೆಂಟ್ ಎಷ್ಟೇ ಇರಲಿ, ಮೇಲೆ ಫಿಲ್ಮು ಅಂಟಿಸುವುದೇ ಬೇಡ ಎಂದಿತು. ಆಮೇಲೆ ನಿಯಮ ತಿದ್ದುಪಡಿಯಾಯಿತು. ಅದರ ಆಧಾರದ ಮೇಲೆ 2024ರಲ್ಲಿ ಕೇರಳ ಹೈಕೋರ್ಟು ಮಿತಿಯೊಳಗಿನ ಫಿಲ್ಮಿಗೆ ಅಡ್ಡಿಯಿಲ್ಲ ಎಂದಿದೆ. ಅಮೆರಿಕದಲ್ಲೂ ಕೇಂದ್ರದ್ದೊಂದು 70ರ ನಿಯಮವಿದೆ. ಆದರೆ ಅದು ಮುಖ್ಯವಾಗಿ ಗಾಡಿ ತಯಾರಿಸುವ ಕಂಪನಿಗೆ. ಶೋರೂಮಿನಿಂದ ಆಚೆ ಬಂದ ಮೇಲೆ ರಸ್ತೆಯಲ್ಲಿ ಎಷ್ಟು ಕಪ್ಪು ನಡೆಯುತ್ತದೆ ಎಂದು ಹೇಳುವುದು ರಾಜ್ಯವೇ.

"ಪಕ್ಕದ ಮನೆಯವರ ಎಸ್‌ಯುವಿ ಹಿಂದೆ ಪೂರ್ತಿ ಕಪ್ಪಗಿದೆ, ಅವರಿಗ್ಯಾಕೆ ಟಿಕೆಟ್ ಇಲ್ಲ?" ಎಂದು ಕೇಳುವವರೂ ಇದ್ದಾರೆ. ಅದು ಫಿಲ್ಮಲ್ಲ, ಗಾಜಿಗೇ ಬೆರೆಸಿದ ಬಣ್ಣ. ಎಸ್‌ಯುವಿ, ವ್ಯಾನುಗಳಿಗೆ ಡ್ರೈವರ್ ಸೀಟಿನ ಹಿಂದೆ ಅಂಥ ಗಾಜು ಹಾಕಲು ಕಂಪನಿಗೆ ಅವಕಾಶವಿದೆ, ಸೆಡಾನಿಗೆ ಇಲ್ಲ. ತಮಾಷೆಯೆಂದರೆ ಆ ಕಪ್ಪು ಗಾಜಿನಿಂದ ಸೆಕೆ ಅಷ್ಟೇನೂ ಕಡಿಮೆಯಾಗುವುದಿಲ್ಲ. ಕಪ್ಪು ಬೇರೆ, ತಂಪು ಬೇರೆ. ಒಳ್ಳೆಯ ಸೆರಾಮಿಕ್ ಫಿಲ್ಮು ನೋಡಲು ತಿಳಿಯಾಗಿದ್ದರೂ ಬಿಸಿಲಿನ ಶಾಖ ತಡೆಯುತ್ತದೆ. ರೇಟು ಮಾತ್ರ ಜಾಸ್ತಿ. ಎರಡು ಮೂರು ವರ್ಷಕ್ಕೊಮ್ಮೆ ರಾಜ್ಯ ಬದಲಿಸುವ ಸಾಫ್ಟ್‌ವೇರಿನವರಿಗೆ ನಾನು ಮುಂದಿನ ಗಾಜಿಗೆ ಅಂಥದ್ದನ್ನೇ ಹೇಳುವುದು. ಅದು 70 ದಾಟುತ್ತದೋ ಇಲ್ಲವೋ ಅಂತ ಗಾಜಿನ ಮೇಲಿಟ್ಟು ಅಳೆದೇ ಹೇಳುತ್ತೇನೆ. ಡ್ರೈವರ್ ಮುಖ ಕಂಡರೆ ರಸ್ತೆ ದಾಟುವವನಿಗೂ ಧೈರ್ಯ, ಕಾರು ನಿಲ್ಲಿಸಿ ಹತ್ತಿರ ಬರುವ ಪೊಲೀಸಿಗೂ ಧೈರ್ಯ, ಅಲ್ವಾ?

ಸ್ಯಾನ್ ಹೋಸೆಯವರಿಗೆ ಫೋನಿನಲ್ಲೇ ದಾರಿ ಹೇಳಿದೆ. ಮುಂದಿನ ಎರಡು ಗಾಜಿನದ್ದು ಅಲ್ಲೇ ಹತ್ತಿರದ ಅಂಗಡಿಯಲ್ಲಿ ಕೀಳಿಸಿ, ಟಿಕೆಟ್ಟಿಗೆ ಅಧಿಕಾರಿಯ ಸಹಿ ಹಾಕಿಸಿಕೊಂಡು ಕೋರ್ಟಿಗೆ ಕೊಡಿ. ಅಂಥ ಟಿಕೆಟ್ ಸಾಮಾನ್ಯವಾಗಿ 25 ಡಾಲರಿಗೆ ಮುಗಿಯುತ್ತದೆ. ಹಿಂದಿನ ಗಾಜನ್ನು ಸುಮ್ನೆ ಮುಟ್ಟಬೇಡಿ ಎಂದೂ ಹೇಳಿದೆ. ಅಲ್ಲಿ ಬ್ಲೇಡು ಆಡಿಸಿದರೆ ಮಂಜು ಬಿಡಿಸುವ ಸಣ್ಣ ತಂತಿಗೆರೆಗಳು ಕಿತ್ತು ಬರುತ್ತವೆ. ವಾರದ ನಂತರ ಫೋಟೋ ಕಳಿಸಿದರು. ಮುಂದೆ ಎರಡು ಬೋಳು ಗಾಜು, ಹಿಂದೆ ಇನ್ನೂ ನಾನು ಹಾಕಿದ್ದೇ.